ಗಿರಿಜಕ್ಕನ ಉಸಿರು

ಬೆಳಿಗ್ಗೆ ಭದ್ರಾವತಿಯಿಂದ ಗಿರಿಜಕ್ಕನ ಫೋನು. ಹಳೇ ಸಿ.ಡಿ. ತರುತ್ತಾರಂತೆ, ಅದರ ಹಾಡುಗಳನ್ನು ಮೊಬೈಲಿಗೆ ಹಾಕಿಕೊಡಬೇಕಂತೆ. ಫೋನಿಟ್ಟವನೇ ಸ್ಟೂಲು ಹತ್ತಿ ಅಟ್ಟದ ಮೇಲೆ ಕೈಯಾಡಿಸಿ ಹಳೇ ಕೀಬೋರ್ಡ್ ಇಳಿಸಿದೆ. ಧೂಳು ಒರೆಸಿದರೆ ಡಿಲೀಟ್ ಬಟನ್ನಿನ ಮೇಲೆ ಕೆಂಪು ಸ್ಟಿಕ್ಕರ್ ಬೊಟ್ಟು ಇನ್ನೂ ಅಂಟಿಕೊಂಡಿದೆ. ಕೀಬೋರ್ಡಿಗೆ ಬೊಟ್ಟು ಯಾಕಯ್ಯಾ ಎಂದು ನೀವು ಕೇಳುತ್ತೀರಿ. ಅವರ ಬಸ್ಸು ಬರುವಷ್ಟರಲ್ಲಿ ಹೇಳಿ ಮುಗಿಸುತ್ತೇನೆ.

ಆಗ ನನ್ನದು ಶಿವಮೊಗ್ಗದಲ್ಲಿ ಒಂದು ಸ್ಟುಡಿಯೋ. ಸ್ಟುಡಿಯೋ ಎಂದೊಡನೆ ದೊಡ್ಡದಾಗಿ ಕಲ್ಪಿಸಿಕೊಳ್ಳಬೇಡಿ. ಹಿಟ್ಟಿನ ಗಿರಣಿಯ ಮೇಲಿನ ಕೋಣೆ, ಕಿಟಕಿಗೆ ಕಂಬಳಿ, ಸದ್ದು ಹೀರಲು ಗೋಡೆ ತುಂಬ ಮೊಟ್ಟೆಯ ಟ್ರೇ, ನಡುವೆ ಒಂದು ಕಂಪ್ಯೂಟರು. ಗಿರಣಿಯವನು ಊಟಕ್ಕೆ ಹೋದಾಗ ಮಾತ್ರ ರೆಕಾರ್ಡಿಂಗ್. ಅವನ ಹಸಿವೇ ನನ್ನ ವ್ಯಾಪಾರ. ಲಿಂಗಪೂಜೆಯಿಲ್ಲದೆ ನೀರೂ ಮುಟ್ಟದ ಗಿರಿಜಕ್ಕ, ಮೊಟ್ಟೆ ಟ್ರೇಗಳಿಗೆ ಆದಷ್ಟು ಬೆನ್ನು ತಿರುಗಿಸಿ ನಿಂತು ದೇವರ ಹಾಡು ಹಾಡಿದರು.

ಅವರು ಭದ್ರಾವತಿಯ ಜನ್ನಾಪುರದಲ್ಲಿ ಮನೆ ಕಟ್ಟಿಸಿದ್ದರು. ಗೃಹಪ್ರವೇಶಕ್ಕೆ ಬಂದವರಿಗೆಲ್ಲ ತಾಂಬೂಲದ ಜೊತೆ ತಮ್ಮ ಹಾಡಿನ ಸಿ.ಡಿ. ಕೊಡಬೇಕೆಂಬುದು ಅವರ ಆಸೆ. ಆಸೆಗಿಂತ ಹಟ ಎನ್ನಿ. ಅತ್ತಿಗೆಯ ಹಾಡಿನಲ್ಲಿ ರಾಗಕ್ಕಿಂತ ಉಸಿರೇ ಜಾಸ್ತಿ ಎಂದು ಅವರ ನಾದಿನಿ ನೆಂಟರಿಷ್ಟರ ನಡುವೆ ವರ್ಷಗಟ್ಟಲೆ ಆಡಿಕೊಂಡಿದ್ದಳು. ಮಾತು ಪೂರ್ತಿ ಸುಳ್ಳಲ್ಲ. ಗಿರಿಜಕ್ಕ ಪ್ರತಿ ಸಾಲಿಗೂ ಮುನ್ನ ಬಾವಿಯಿಂದ ಕೊಡ ಎಳೆದವರ ಹಾಗೆ ಉಸಿರೆಳೆದುಕೊಳ್ಳುತ್ತಿದ್ದರು. ಸಿ.ಡಿ.ಯಲ್ಲಿ ಒಂದೇ ಒಂದು ಉಸಿರೂ ಕೇಳಬಾರದು, ನಾದಿನಿಯ ಬಾಯಿ ಮುಚ್ಚಬೇಕು, ಇಷ್ಟೇ ಅವರ ಬೇಡಿಕೆ.

ನಾನು ಮೌಸ್ ಹಿಡಿದು ಶುರು ಮಾಡಿದೆ. ಒಂದು ಉಸಿರು ಹುಡುಕು, ದೊಡ್ಡದು ಮಾಡಿ ನೋಡು, ಗುರುತು ಹಾಕು, ಅಳಿಸು, ಕೇಳು. ನಡುನಡುವೆ ಕಲಾವಿದನ ಗತ್ತಿನಲ್ಲಿ ಒಂದಿಷ್ಟು ಎಕೋ ಬೆರೆಸಿ ಮತ್ತೆ ಕೇಳು. ಮೊದಲ ದಿನ ಅರ್ಧ ಹಾಡೂ ಮುಗಿಯಲಿಲ್ಲ. ಪಕ್ಕದಲ್ಲಿ ಕೂತಿದ್ದ ಗಿರಿಜಕ್ಕನ ತಾಳ್ಮೆ ಮುಗಿಯಿತು.

“ಸೊಪ್ಪು ಸೋಸ್ತಾ ಸೋಸ್ತಾ ಯಾರಾದ್ರೂ ಒಗ್ಗರಣೆ ಹಾಕ್ತಾರಾ ಮಾರಾಯ? ಮೊದ್ಲು ಎಲ್ಲಾ ಸೋಸಿ ಮುಗ್ಸು.”

ನನಗೆ ಸಿಟ್ಟು ಬಂತು. ಬಂದು ಏನು ಮಾಡುವುದು, ಹೇಳಿದ್ದು ಸರಿಯಿತ್ತು. ಎಕೋ, ಶ್ರುತಿಪೆಟ್ಟಿಗೆಯ ನಾದ ಎಲ್ಲ ಕೊನೆಗಿಟ್ಟೆ. ನನ್ನ ಮರ್ಯಾದೆಯನ್ನೂ ಉಳಿಸಿಕೊಳ್ಳಬೇಕಲ್ಲ, ಪ್ರತಿಯೊಂದಕ್ಕೂ ಮೌಸ್ ಬೇಡ, ಕೀಬೋರ್ಡಿನಲ್ಲೇ ಅಡ್ಡದಾರಿಗಳಿವೆ ಎಂದು ತೋರಿಸಿದೆ. ಗಿರಿಜಕ್ಕ ಪರ್ಸಿನಿಂದ ಸ್ಟಿಕ್ಕರ್ ಹಾಳೆ ತೆಗೆದು ಕೇಳಿಸುವ ಬಟನ್ನಿಗೆ ಹಸಿರು, ಅಳಿಸುವುದಕ್ಕೆ ಕೆಂಪು, ಮಾಡಿದ್ದನ್ನು ವಾಪಸ್ ತರುವುದಕ್ಕೆ ಕಪ್ಪು ಬೊಟ್ಟಿಟ್ಟರು. ಅಲ್ಲಿಂದ ನಾನು ಗುರುತು ಹಾಕುವುದು, ಅವರು ಕೆಂಪು ಒತ್ತುವುದು. ಸೊಳ್ಳೆ ಹೊಡೆಯುವ ಉತ್ಸಾಹದಲ್ಲಿ ತಮ್ಮ ಉಸಿರನ್ನೇ ಹೊಡೆದು ಹಾಕಿದರು. ಕರೆಂಟು ಯಾವಾಗ ಹೋಗುತ್ತದೋ ಎಂದು ನಾನು ಹೆಜ್ಜೆಹೆಜ್ಜೆಗೂ ಸೇವ್ ಮಾಡಿದೆ. ಕಂಪ್ಯೂಟರಿನಲ್ಲಿ ಜಾಗವಿಲ್ಲದ್ದಕ್ಕೆ ಮೂಲ ರೆಕಾರ್ಡಿಂಗನ್ನೂ ಅಳಿಸಿ ಕೈತೊಳೆದುಕೊಂಡೆ.

ಕೆಲಸ ಮುಗಿದ ದಿನ ಅವರ ಯಜಮಾನರು ಬಸಣ್ಣ ಕರೆದೊಯ್ಯಲು ಸ್ಕೂಟರಿನಲ್ಲಿ ಬಂದರು. ಕಾರ್ಖಾನೆಯ ಫೌಂಡ್ರಿಯಲ್ಲಿ ಕೆಲಸ, ಮಾತು ಕಡಿಮೆ. ಹಾಡು ಹಾಕಿದೆ. ಅರ್ಧಕ್ಕೆ ಬರುವಾಗ ಬಸಣ್ಣ ಎದೆಯ ಮೇಲೆ ಕೈಯಿಟ್ಟುಕೊಂಡರು. ನೋಡಿದರೆ ನಾನೂ ಉಸಿರು ಹಿಡಿದು ಕೂತಿದ್ದೇನೆ. ಹಾಡು ಮುಗಿದಾಗ ಮೂವರೂ ಒಟ್ಟಿಗೆ ಉಸಿರು ಬಿಟ್ಟೆವು.

“ಚೆನ್ನಾಗಿದೆ. ಆದ್ರೆ ಇವ್ಳು ಉಸ್ರೇ ತಗೊಳ್ತಿಲ್ಲ, ನಂಗೆ ಕೂತಲ್ಲೇ ಗಾಬ್ರಿ ಆಗುತ್ತೆ,” ಎಂದರು ಬಸಣ್ಣ. ಆಮೇಲೆ ನೆಲ ನೋಡುತ್ತ ಇನ್ನೊಂದು ವಿಷಯ ಹೇಳಿದರು. ರಾತ್ರಿಪಾಳಿ ಮುಗಿಸಿ ಹಗಲು ಮಲಗಿದಾಗ ಅಡುಗೆಮನೆಯಿಂದ ಇವರ ಹಾಡು ಕೇಳುತ್ತದಂತೆ. ಉಸಿರೆಳೆದ ಸದ್ದಾದರೆ ಇನ್ನೊಂದು ಸಾಲು ಬಂತು ಅಂತ ಧೈರ್ಯವಂತೆ, ನಿದ್ದೆ ಬರುವುದೇ ಆಗಂತೆ.

ಗಿರಿಜಕ್ಕ ಸೆರಗು ಸರಿಮಾಡಿಕೊಂಡು, ಹಾಗಾದರೆ ಉಸಿರು ವಾಪಸ್ ಹಾಕು ಎಂದರು. ಕಪ್ಪು ಬೊಟ್ಟು ಒತ್ತಿ ಒತ್ತಿ ಸವೆಯಿತೇ ಹೊರತು ಏನೂ ವಾಪಸ್ ಬರಲಿಲ್ಲ. ಹೊಸದಾಗಿ ಹಾಡೋಣವೆಂದರೆ ನಾಡಿದ್ದೇ ಗೃಹಪ್ರವೇಶ, ಊರೆಲ್ಲ ಕರೆಯಲು ಹೋಗಿ ಅವರ ಗಂಟಲು ಕಟ್ಟಿತ್ತು. ಬರೀ ಉಸಿರಾದರೂ ಕೊಡಿ ಎಂದು ಮೈಕಿನ ಮುಂದೆ ನಿಲ್ಲಿಸಿದರೆ ಕುಕ್ಕರಿನ ಸಿಳ್ಳೆ ಬಂತು. ಮತ್ತೆ ಪ್ರಯತ್ನಿಸಿದರೆ ನಗು ಬಂತು, ಆಮೇಲೆ ಅಳು ಬರುವ ಹಾಗಾಯಿತು.

“ಉಸ್ರು ತಾನೇ, ನಂದು ತಗೋ,” ಎಂದು ಬಸಣ್ಣ ಎದ್ದು ನಿಂತರು.

ಮೈಕಿನ ಮುಂದೆ ಒಂದು ಸಲ ಉಸಿರೆಳೆದುಕೊಂಡರು. ಎಂಥಾ ಉಸಿರು ಅಂತೀರಿ, ತುಂಬಿದ ಕೊಡ. ಅದೊಂದನ್ನೇ ಕಾಪಿ ಮಾಡಿ, ಸಾಲು ಮುಗಿದಲ್ಲೆಲ್ಲ ಅಂಟಿಸಿದೆ. ದಿನಗಟ್ಟಲೆ ಕಿತ್ತ ಕಳೆಯ ಜಾಗದಲ್ಲಿ ಒಂದು ಮಧ್ಯಾಹ್ನದಲ್ಲಿ ಸಸಿ ನೆಟ್ಟ ಹಾಗಾಯಿತು. ನನ್ನ ಜೀವನದಲ್ಲಿ ಅಷ್ಟು ವೇಗವಾಗಿ ಇನ್ಯಾವ ಕೆಲಸವನ್ನೂ ಮಾಡಿಲ್ಲ.

ಗೃಹಪ್ರವೇಶದ ಪಂಕ್ತಿಯಲ್ಲಿ ಸಿ.ಡಿ. ಹಾಡುತ್ತಿತ್ತು. ನಾದಿನಿ ಹೋಳಿಗೆ ಮುರಿಯುತ್ತ, “ಅತ್ತಿಗೆ, ಸಿ.ಡಿ. ಮಾಡ್ಸಿದ್ರೂ ನಿಮ್ಮ ಉಸ್ರು ಮಾತ್ರ ಹಂಗೇ ಇದೆ ನೋಡಿ,” ಎಂದಳು. ತುಪ್ಪ ಬಡಿಸುತ್ತಿದ್ದ ಬಸಣ್ಣ ನಗು ತಡೆಯಲಾರದೆ ಪಾತ್ರೆ ನನ್ನ ಕೈಗಿಟ್ಟು ಹಿತ್ತಲಿಗೆ ಓಡಿದರು. ಗಿರಿಜಕ್ಕ ಅವತ್ತು ನಾದಿನಿಯ ಎಲೆಗೆ ಇನ್ನೊಂದು ಹೋಳಿಗೆ ಹಾಕಿದರು.

ಇಷ್ಟು ಬರೆಯುವಷ್ಟರಲ್ಲಿ ಗಿರಿಜಕ್ಕ ಬಂದೇಬಿಟ್ಟರು. ಬಸಣ್ಣ ತೀರಿಹೋಗಿ ವರ್ಷವಾಗುತ್ತ ಬಂತು. ಕೀಬೋರ್ಡಿನ ಬೊಟ್ಟು ನೋಡಿ ನಕ್ಕರು, ಕಾಫಿ ಕುಡಿದರು. ಗೀರು ಬಿದ್ದ ಸಿ.ಡಿ. ಪುಣ್ಯಕ್ಕೆ ಓಡಿತು. ನನಗೋ ಹೊಸ ಸಾಫ್ಟ್‌ವೇರಿನ ಹೆಮ್ಮೆ. ಅವತ್ತು ನಾವು ಅಷ್ಟು ಒದ್ದಾಡಿದ್ದೆವಲ್ಲ, ಈಗ ಒಂದು ಬಟನ್ ಒತ್ತಿದರೆ ಹಾಡಿನ ಉಸಿರೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯ ಎಂದು ಮೌಸ್ ಅತ್ತ ಒಯ್ದೆ.

ಗಿರಿಜಕ್ಕ ನನ್ನ ಮಣಿಕಟ್ಟು ಹಿಡಿದುಕೊಂಡರು.

“ಬೇಕಾದ್ರೆ ಹಾಡು ತೆಗಿ ಮಾರಾಯ. ಅದನ್ನ ಮುಟ್ಬೇಡ.”

ನಾನು ಮೌಸಿನಿಂದ ಕೈ ತೆಗೆದೆ. ಹಿಂದೆ ಹಸಿರು ಬೊಟ್ಟಿಟ್ಟಿದ್ದ, ಹಾಡು ಕೇಳಿಸುವ ಬಟನ್ನನ್ನು ಅವರೇ ಒತ್ತಿದರು. ಮೊದಲ ಸಾಲು ಮುಗಿಯಿತು. ಬಸಣ್ಣ ಉಸಿರೆಳೆದುಕೊಂಡರು. ಗಿರಿಜಕ್ಕ ಮುಂದಿನ ಸಾಲು ಹಾಡಿದರು.