ತುಟಿಯಂಚಿನ ಕೆಂಪು ಸೂಜಿ

ಸೈನ್ಯದ ನಕ್ಷೆ ಕೋಣೆಯಲ್ಲಿ ಮೂವತ್ತೊಂದು ವರ್ಷ ಗೋಡೆಯ ಮುಂದೆ ನಿಂತು ಸವೆದವನನ್ನು ಎಲ್ಲರೂ ಸೂಜಿಯಣ್ಣ ಎನ್ನುತ್ತಿದ್ದರು. ನಕ್ಷೆಯಲ್ಲಿ ನಮ್ಮವರಿದ್ದಲ್ಲಿ ನೀಲಿ ಗುಂಡುಸೂಜಿ, ಶತ್ರುವಿದ್ದಲ್ಲಿ ಕೆಂಪು ಚುಚ್ಚುವುದು ಅವನ ಕೆಲಸ. ನೀಲಿಯನ್ನು ಹೇಳಿದ ಕೂಡಲೇ ಚುಚ್ಚುತ್ತಿದ್ದ. ಕೆಂಪನ್ನು ಮಾತ್ರ ತುಟಿಯಂಚಿನಲ್ಲಿ ಕಚ್ಚಿಕೊಂಡು, ಹತ್ತಿರದ ಠಾಣೆಗೆ ಫೋನು ತಿರುಗಿಸಿ, ಅಲ್ಲಿಂದ ಒಂದು ದನಿ ಕಿವಿಗೆ ಬಿದ್ದ ಮೇಲೆಯೇ ಗೋಡೆಗೆ ಚುಚ್ಚುತ್ತಿದ್ದ. ಪ್ರತ್ಯಕ್ಷವಾಗಿ ಕಂಡರೂ ಪರಾಂಬರಿಸಿ ನೋಡು ಎಂಬ ಗಾದೆಯನ್ನು ಅವನು ಹಲ್ಲಿನಲ್ಲೇ ಕಚ್ಚಿ ಹಿಡಿದಿದ್ದ.

ಆಮೇಲೆ ಯಂತ್ರ ಬಂತು. ಗೋಡೆಯಗಲದ ಪರದೆಯ ಮೇಲೆ ಚುಕ್ಕೆಗಳು ತಾವಾಗಿಯೇ ಮೂಡಿದವು. ಯಾರಿಗೆ ಹೊಡೆಯಬೇಕೆಂದೂ ಅದೇ ಹೇಳುತ್ತಿತ್ತು. ಹೂಂ ಅನ್ನಲು ಕಮಾಂಡರಿಗೆ ಒಂದು ನಿಮಿಷ ಕೊಡುತ್ತಿತ್ತು. ಹಳೇ ನಕ್ಷೆ, ಹಳೇ ಫೋನು ಬೀರುವಿನ ಹಿಂದಿನ ಮೂಲೆಗೆ ಹೋದವು, ಜೊತೆಗೆ ಸೂಜಿಯಣ್ಣನೂ. ಏನಣ್ಣ, ಅಂಗಿ ಹೊಲೀತಿದ್ದೀಯಾ ಎಂದು ಕೀಟಲೆ ಮಾಡುತ್ತಿದ್ದವರು ಬರಬರುತ್ತ ಕೀಟಲೆಯನ್ನೂ ಬಿಟ್ಟರು. ಅದೇ ಅವನ ಎದೆಗೆ ನಾಟಿದ್ದು.

ನಿವೃತ್ತಿಗೆ ಒಂಬತ್ತು ದಿನವಿತ್ತು. ಮಧ್ಯಾಹ್ನ, ಒಣಹಳ್ಳದಲ್ಲಿ ಹನ್ನೊಂದು ಕೆಂಪು ಚುಕ್ಕೆ ಮೂಡಿದವು. ಆ ದಾರಿಯಲ್ಲಿ ನಮ್ಮವರಿಲ್ಲ, ನೂರಕ್ಕೆ ತೊಂಬತ್ತೆರಡು ಪಾಲು ಶತ್ರುವೇ ಎಂದಿತು ಯಂತ್ರ. ಕಮಾಂಡರ್ ಬೆರಳು ಹೂಂ ಅನ್ನುವ ಗುಂಡಿಯ ಮೇಲೆ ಹೋಯಿತು. ಮೂಲೆಯಲ್ಲಿ ಸೂಜಿಯಣ್ಣನ ಕೈ ಯಾರನ್ನೂ ಕೇಳದೆ ಹಳೇ ಫೋನಿಗೆ ಹೋಯಿತು. ಸೂಜಿ ಬಾಯಿಗೆ ಬಂತು. ಠಾಣೆಯಲ್ಲಿ ಫೋನೆತ್ತಿದವನು ಅಡುಗೆಯವನು. ಕಾಲುಸೇತುವೆ ಕುಸಿದು ನಮ್ಮ ಗಸ್ತಿನವರು ಹಳ್ಳ ಹಿಡಿದು ಬರುತ್ತಿದ್ದಾರೆ, ಅವರ ರೇಡಿಯೋ ಸತ್ತಿದೆ, ಅವರಲ್ಲೊಬ್ಬ ಮುಂಚೆಯೇ ಬಂದು ಹೇಳಿದ ಎಂದ.

"ಸಾರ್, ಬೆರಳು ತೆಗೀರಿ. ಅವ್ರು ನಮ್ಮೋರು."

"ಯಾರು ಹೇಳಿದ್ದು?"

"ಅಡುಗೆಯವ್ನು ಸಾರ್. ಹಿಂದೆ ಬರೋ ಹನ್ನೊಂದು ಜನಕ್ಕೆ ಒಲೆ ಹಚ್ಚಿದಾನೆ."

ಕಮಾಂಡರ್ ಪರದೆ ನೋಡಿದರು, ಇವನ ತುಟಿಯ ಸೂಜಿ ನೋಡಿದರು. ಹತ್ತು ಸೆಕೆಂಡು ಉಳಿದಿತ್ತು. ಬೆರಳು ತೆಗೆದರು.

ತನಿಖೆಯಾಯಿತು. ಸೇತುವೆಗಳ ಸಂಗತಿಯನ್ನೂ ಯಂತ್ರಕ್ಕೆ ಕಲಿಸಿದ್ದಾಗಿದೆ, ಇನ್ನು ಎಡವದು ಎಂದು ವರದಿ ಬಂತು. ಸೂಜಿಯಣ್ಣನ ಸುದ್ದಿ ಅದರಲ್ಲಿರಲಿಲ್ಲ. ಮೂಲೆಯ ಫೋನನ್ನು ನಿಯಮಕ್ಕೆ ಹೊರಗಿನದೆಂದು ಕಿತ್ತರು. ಕೊನೆಯ ದಿನ ಕಮಾಂಡರ್ ಅವನ ಕೈ ಹಿಡಿದು, ಬಿಡುವುದನ್ನೇ ಮರೆತವರಂತೆ ನಿಂತರು.

"ಇನ್ಮೇಲೆ ನಾನು ಯಾರನ್ನ ಕೇಳ್ಲಿ?"

ಇವನು ಕೈ ಬಿಡಿಸಿಕೊಂಡು, ಒಂದು ಕೆಂಪು ಸೂಜಿಯನ್ನು ಜೇಬಿಗಿಟ್ಟುಕೊಂಡು ಹೊರಟ.

ಈಗ ಮನೆಯ ಕಿಟಕಿ ಪಕ್ಕ ಕೂತೇ ಹೊತ್ತು ಕಳೆಯುತ್ತಾನೆ. ಹಾಯುವಾಗೆಲ್ಲ ಮಗಳು ಗದರುತ್ತಾಳೆ, ಅಪ್ಪಾ, ಆ ಸೂಜಿ ಬಾಯಿಂದ ತೆಗಿ, ನುಂಗಿಬಿಟ್ಟೀಯ.

"ತಡಿ ಮಗಳೇ," ಎನ್ನುತ್ತಾನೆ, "ಆ ಕಡೆ ಫೋನು ಇನ್ನೂ ಯಾರೂ ಎತ್ತಿಲ್ಲ."