ಮಂಜಿನ ಮೇಲೆ ಮೂರು ನೆರಳು

ಬಸ್ಸು ಮೂಡಿಗೆರೆ ಬಿಟ್ಟು ಬಣಕಲ್ ದಾಟುವಾಗಲೇ ಮಳೆ ಹಿಡಿಯಿತು. ಮೇ ತಿಂಗಳ ಮಳೆ. ಗುಡುಗಿನ ಜೊತೆ ಬಂದು, ಒಂದಿಷ್ಟು ಹೊತ್ತು ಬಾರಿಸಿ, ರಸ್ತೆಯಿಂದ ಹಬೆ ಏಳಿಸಿ ಹೋಗುವಂಥದ್ದು. ನನ್ನ ಹೆಂಡತಿ ವಸುಧಾ ಕ್ಯಾಮೆರಾ ಚೀಲವನ್ನು ದುಪಟ್ಟಾದಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಳು. ಟ್ರೈಪಾಡ್ ಎಂದಿನಂತೆ ನನ್ನ ಪಾಲು. ದಾವಣಗೆರೆಯ ಹೈಸ್ಕೂಲೊಂದರಲ್ಲಿ ಅವಳು ಗಣಿತ ಹೇಳಿಕೊಡುತ್ತಾಳೆ, ನಾನು ಕನ್ನಡ. ಬೇಸಿಗೆ ರಜೆ ಬಂತೆಂದರೆ ಯಾವುದಾದರೂ ಒಂದು ಕಾಡಿಗೆ ಹೊರಡುತ್ತೇವೆ. ಅವಳು ಫೋಟೋ ತೆಗೆಯುತ್ತಾಳೆ, ನಾನು ಹೊರುತ್ತೇನೆ. ಈ ಸಲ ಕುದುರೆಮುಖ ರಾಷ್ಟ್ರೀಯ ಉದ್ಯಾನ.

ಕೊಟ್ಟಿಗೆಹಾರದಲ್ಲಿ ಇಳಿದು ನೀರುದೋಸೆ ತಿಂದೆವು. ಅಲ್ಲಿಂದ ಕಳಸದ ಬಸ್ಸು. ಬಾಳೂರಿನ ತಿರುವುಗಳಲ್ಲಿ ವಸುಧಾ ಕಣ್ಣು ಮುಚ್ಚಿ ಕೂತಳು. ಕಾಫಿ ಗಿಡಗಳ ಮೇಲಿನ ಸಿಲ್ವರ್ ಓಕ್ ಮರಗಳು ಮಂಜಿನಲ್ಲಿ ಅರ್ಧ ಮಾತ್ರ ಕಾಣುತ್ತಿದ್ದವು. ಕಳಸ ತಲುಪಿ, ಜೀಪು ಹಿಡಿದು, ಹೋಂಸ್ಟೇ ಸೇರುವಾಗ ಸಂಜೆ. ಹಲಸಿನ ಹಣ್ಣಿನ ಕಡುಬು, ಮೇಲೆ ತುಪ್ಪ. ಪ್ರಯಾಣದ ಸುಸ್ತೆಲ್ಲ ಇಳಿಯಿತು.

ಮರುದಿನ ನಮ್ಮನ್ನು ಬೆಟ್ಟಕ್ಕೆ ಕರೆದೊಯ್ಯಬೇಕಿದ್ದ ಗೈಡ್ ಶೇಷಪ್ಪ ಆ ಸಂಜೆಯೇ ಬಂದು ಮಾತಾಡಿಸಿದ. ನಲವತ್ತರ ಆಸುಪಾಸಿನ ನಗುಮುಖದ ಮನುಷ್ಯ. ರಕ್ತ ಹೀರುವ ಉಂಬಳಕ್ಕೆ ಉಪ್ಪು ತನ್ನಿ, ಪ್ಲಾಸ್ಟಿಕ್ ಬೇಡ, ಗಲಾಟೆ ಬೇಡ ಎಂದೆಲ್ಲ ಹೇಳಿದವನು, ಹೊರಡುವ ಮುಂಚೆ ದನಿ ತಗ್ಗಿಸಿದ.

"ಇನ್ನೊಂದು ವಿಷ್ಯ. ಮಂಜು ಬಂದ್ರೆ ನಿಂತಲ್ಲೇ ನಿಂತ್ಕೊಳ್ಳಿ. ಯಾರಾದ್ರೂ ಕರೆದ ಹಾಗೆ ಕೇಳಿದ್ರೆ ಓ ಅನ್ಬೇಡಿ."

"ಯಾಕೆ?" ವಸುಧಾ ಕೇಳಿದಳು.

"ಯಾಕೆ ಅಂತ ನಂಗೂ ಗೊತ್ತಿಲ್ಲ ಮೇಡಂ. ನಮ್ಮಪ್ಪ ಹೇಳ್ತಿದ್ರು."

ಬೆಳಕು ಹರಿಯುವ ಹೊತ್ತಿಗೆ ಜೀಪು ನಮ್ಮನ್ನು ಅರಣ್ಯ ಇಲಾಖೆಯ ತಪಾಸಣಾ ಠಾಣೆಯ ಬಳಿ ಇಳಿಸಿತು. ಮೊದಲ ಒಂದು ಗಂಟೆ ಕಾಡಿನೊಳಗೆ ನಡಿಗೆ. ಹಳ್ಳ ದಾಟಿದೆವು, ಉಂಬಳ ಕಿತ್ತೆವು. ಮತ್ತಿ ಮರವೊಂದರ ಮೇಲೆ ಸೀತಾಳೆ ಹೂವಿನ ದಂಡೆ ಇಳಿಬಿದ್ದಿತ್ತು. ವಸುಧಾ ಅದರ ಮುಂದೆ ಎಷ್ಟು ಹೊತ್ತು ಮಂಡಿಯೂರಿದಳೆಂದರೆ ಶೇಷಪ್ಪ ಎಲೆಅಡಿಕೆ ಹಾಕಿ ಮುಗಿಸಿದ. ಆಮೇಲೆ ಕಾಡು ಮುಗಿದು ಹುಲ್ಲುಗುಡ್ಡ ಶುರುವಾಯಿತು. ಬಿಸಿಲಿತ್ತು. ಹಾಗಿದ್ದೂ ಕೆಳಗಿನ ಕಣಿವೆಗಳಿಂದ ಮಂಜು ಮೇಲೇರಿ ಬಂದು, ನಮ್ಮನ್ನು ಮುಚ್ಚಿ, ಮತ್ತೆ ಹಿಂದೆ ಸರಿಯುತ್ತಿತ್ತು.

ಹಾಗೆ ಮುಚ್ಚಿದ ಒಂದು ಹೊತ್ತಿನಲ್ಲಿ ಅದು ಕೇಳಿಸಿತು. ಮೇಲಿನಿಂದ, ಗಂಟಲು ಕಟ್ಟಿದವರು ಕೂಗಿದಂತೆ ಒಂದು ಸ್ವರ. ಮಾತಲ್ಲ, ಬರೀ ಸ್ವರ. ಮೂವರೂ ನಿಂತೆವು. ವಸುಧಾ ನನ್ನ ಮುಖ ನೋಡಿದಳು. ಶೇಷಪ್ಪ ತುಟಿಯ ಮೇಲೆ ಬೆರಳಿಟ್ಟ. ಇನ್ನೊಮ್ಮೆ ಕೇಳಿಸಿತು. ಆಮೇಲೆ ಇಲ್ಲ.

"ಹಕ್ಕಿ ಇರ್ಬೇಕು," ಎಂದ ಶೇಷಪ್ಪ. ಆದರೆ ಅವನ ನಗು ಹೋಗಿತ್ತು. ನಾವು ಆ ಕೂಗಿಗೆ ಓಗೊಡದೆ ನಡೆದೆವು.

ಗುಡ್ಡದ ನೆತ್ತಿಯ ಏಣು ಹತ್ತಿದಾಗ ಬಿಸಿಲು ಬೆನ್ನಿಗಿತ್ತು. ಎದುರಿಗೆ, ಪಡುವಣ ದಿಕ್ಕಿಗೆ, ನೆಲವೇ ಇಲ್ಲ, ಕಡಿದಾದ ಪ್ರಪಾತ. ಅದರ ತುಂಬ ಹಾಲಿನಂಥ ಮಂಜು. ಶೇಷಪ್ಪ ಹಿಂದೆ, ಇಳಿಜಾರಿನಲ್ಲಿ ಕೂತು ಬುತ್ತಿ ಬಿಚ್ಚುತ್ತಿದ್ದ. ನಾವಿಬ್ಬರೂ ಅಂಚಿನ ಬಳಿ ಹೋಗಿ ನಿಂತೆವು.

ಮಂಜಿನ ಮೇಲೆ ಇಬ್ಬರು ನಿಂತಿದ್ದರು. ನಮಗಿಂತ ಎಷ್ಟೋ ಪಾಲು ದೊಡ್ಡವರು. ಉದ್ದನೆಯ ಕಾಲು, ಕಪ್ಪು ಮೈ. ವಸುಧಾ ಕೈಯೆತ್ತಿದಳು, ಅವರಲ್ಲೊಬ್ಬರು ಕೈಯೆತ್ತಿದರು.

"ನೆರಳು ಕಣ್ರೀ," ಎಂದಳು. "ನಮ್ಮದೇ. ನನ್ನ ತಲೆ ಸುತ್ತ ನೋಡಿ, ಕಾಮನಬಿಲ್ಲಿನ ಬಳೆ!"

"ನಿನ್ನ ತಲೆಗೆಲ್ಲಿದೆ? ನನ್ನ ತಲೆಗಿದೆ."

"ನಿಮ್ಮದಕ್ಕೆ ಏನೂ ಇಲ್ಲ."

ಆ ಬಣ್ಣದ ಬಳೆ ಪ್ರತಿಯೊಬ್ಬರಿಗೂ ಅವರವರ ನೆರಳಿನ ತಲೆಗಷ್ಟೇ ಕಾಣುತ್ತದೆಂದು ಊರಿಗೆ ಬಂದಮೇಲೆ ಓದಿ ತಿಳಿದೆವು. ಆ ಕ್ಷಣ ಮಾತ್ರ ಇಪ್ಪತ್ತು ವರ್ಷ ಜೊತೆಗಿದ್ದ ಹೆಂಡತಿ ನನ್ನ ಕಡೆ ಅನುಮಾನದಿಂದ ನೋಡಿದ ರೀತಿ, ನಾನು ಅವಳ ಕಡೆ ನೋಡಿದ ರೀತಿ, ಇಬ್ಬರಿಗೂ ಹಿಡಿಸಲಿಲ್ಲ. ಅವಳು ಕ್ಯಾಮೆರಾಕ್ಕೆ ಕಣ್ಣಿಟ್ಟಳು. ಎರಡು ಚಿತ್ರ ತೆಗೆದು ನಿಲ್ಲಿಸಿಬಿಟ್ಟಳು.

"ರೀ. ಎಡಗಡೆ."

ಮಂಜಿನ ಮೇಲೆ ಮೂರನೆಯವನಿದ್ದ. ನಮ್ಮ ಎಡಕ್ಕೆ, ಸ್ವಲ್ಪ ದೂರದಲ್ಲಿ, ಅರ್ಧ ಮೈ ಮಾತ್ರ. ಎರಡೂ ಕೈ ಮೇಲೆತ್ತಿ ನಿಧಾನವಾಗಿ ಬೀಸುತ್ತಿದ್ದ. ನಾನು ತಿರುಗಿ ನೋಡಿದೆ. ಏಣಿನ ಮೇಲೆ ಬಂಡೆಗಳು, ಹುಲ್ಲು. ಯಾರೂ ಇಲ್ಲ. ಶೇಷಪ್ಪ ಹಿಂದೆ ಕೆಳಗೆ ಕೂತೇ ಇದ್ದ.

ಅವನನ್ನು ಕೂಗಿದೆ. ಬಂದು ನೋಡಿದವನು ಎರಡು ಹೆಜ್ಜೆ ಹಿಂದಕ್ಕಿಟ್ಟ. "ಹೋಗುವ ಮಾರಾಯ್ರೆ. ನೋಡ್ಲಿಕ್ಕೆ ಹೋಗ್ಬೇಡಿ. ಕೈ ಬೀಸಿ ಕರೀತಾ ಉಂಟು, ಕಾಣ್ತದಲ್ಲ? ಹೋಗುವ!"

ನನ್ನ ಕಾಲೂ ಇಳಿಯುವ ಕಡೆಗೇ ತಿರುಗಿತ್ತು. ವಸುಧಾ ಕದಲಲಿಲ್ಲ.

"ನಮ್ಮ ನೆರಳಿಗೆ ನಾವಿದ್ದೀವಿ. ಅದಕ್ಕೂ ಒಂದು ಮೈ ಇರಲೇಬೇಕು," ಎಂದಳು. "ಸೂರ್ಯ ಹಿಂದಿದ್ದಾನೆ. ಅಂದರೆ ಎಡಗಡೆಯ ಆ ದೊಡ್ಡ ಬಂಡೆಯ ಹತ್ತಿರವೇ."

ಅಷ್ಟರಲ್ಲಿ ಮಂಜು ಮೇಲೇರಿ ಎಲ್ಲವನ್ನೂ ಒರೆಸಿಹಾಕಿತು. ಅವಳು ಎಡಕ್ಕೆ ನಡೆದಳು. ಅವಳೊಬ್ಬಳೇ ಮಂಜಿನಲ್ಲಿ ಕರಗುವುದನ್ನು ನೋಡಲಾರದೆ ಅವಳ ಚೀಲದ ಪಟ್ಟಿ ಹಿಡಿದು ಹಿಂದೆಯೇ ಹೋದೆ. ಅಂಚಿನ ಉದ್ದಕ್ಕೂ ಟ್ರೈಪಾಡಿನ ಕಾಲಿಂದ ನೆಲ ತಟ್ಟಿ ನೋಡುತ್ತ ನಡೆದೆವು. "ಯಾರಾದ್ರೂ ಇದ್ದೀರಾ?" ಎಂದು ಅವಳು ಕೂಗಿದಳು.

ಕಾಲಬುಡದಿಂದಲೇ ಎಂಬಂತೆ ಉತ್ತರ ಬಂತು. "ಓ..."

ದೊಡ್ಡ ಬಂಡೆಯಾಚೆ, ನಾವು ನಿಂತಿದ್ದ ಜಾಗಕ್ಕೆ ಪೂರಾ ಮರೆಯಾದ ಕಡೆ, ಅರವತ್ತರ ಹಿರಿಯರೊಬ್ಬರು ಒರಗಿ ಕೂತಿದ್ದರು. ಕೈಯಲ್ಲಿ ಟವೆಲ್. ಬಲಗಾಲು ಮೊಣಕಾಲ ಕೆಳಗೆ ಸೊಟ್ಟಗೆ ತಿರುಗಿ ಊದಿಕೊಂಡಿತ್ತು. ತುಟಿ ಸೀಳಿತ್ತು. ವಸುಧಾ ಬಾಟಲಿಯ ಮುಚ್ಚಳದಲ್ಲಿ ಗುಟುಕು ಗುಟುಕಾಗಿ ನೀರು ಕುಡಿಸಿದಳು. ಹಿಂದೆ ಬಂದ ಶೇಷಪ್ಪ ಅವರನ್ನು ಕಂಡು ಹಣೆ ಚಚ್ಚಿಕೊಂಡ. "ಅಯ್ಯೋ, ಚಂದ್ರೇಗೌಡ್ರು! ಗುಡ್ಡದ ಬುಡದ ಊರವ್ರು!"

ತಪ್ಪಿಸಿಕೊಂಡ ಹಸು ಹುಡುಕಿಕೊಂಡು, ಮನೆಯಲ್ಲಿ ಹೇಳದೆ, ಮೊನ್ನೆ ಗುಡ್ಡ ಹತ್ತಿದ್ದರಂತೆ. ಜಾರಿ ಬಿದ್ದಿದ್ದರು. ಬಣಕಲ್‌ನಲ್ಲಿರುವ ಮಗಳ ಮನೆಗೆ ಹೋಗಿರಬೇಕೆಂದು ಮನೆಯವರು ಸುಮ್ಮನಿದ್ದರು. ಯಾರೂ ಹುಡುಕುತ್ತಿರಲಿಲ್ಲವೆಂದು ಆಮೇಲೆ ತಿಳಿಯಿತು.

"ಬೆಳಿಗ್ಗೆ ಕೂಗಿದ್ದು ನೀವೇನಾ?" ಎಂದೆ.

"ಹೌದು. ನಿಮ್ಮ ಮಾತು ಕೇಳ್ತಿತ್ತು. ಕೂಗಿದ ಕೂಡ್ಲೆ ಸುಮ್ಮನಾದ್ರಿ. ಆಮೇಲೆ ಯಾರೂ ಮಾತಾಡ್ಲೇ ಇಲ್ಲ."

ಶೇಷಪ್ಪ ತಲೆ ತಗ್ಗಿಸಿದ. ಸಿಗ್ನಲ್ ಸಿಗುವ ಜಾಗ ಹುಡುಕಿ ಜನ ಕರೆತರುತ್ತೇನೆಂದು ಓಡಿದ. ನಾವು ಕಾಯಲು ಕೂತೆವು. ನಾನು ಗೌಡರ ಎಡಗಡೆಗೆ ಕೂರಲು ಹೋದಾಗ ಅವರು ಕೈ ಅಡ್ಡ ಹಿಡಿದರು.

"ಆ ಕಡೆ ಬೇಡ. ಅವ್ರು ಅಲ್ಲೇ ಕೂತಿದ್ದು."

"ಯಾರು?"

"ಎರಡು ರಾತ್ರಿಯೂ ಜೊತೆಗಿದ್ರು. ಮಾತಿಲ್ಲ ಕತೆಯಿಲ್ಲ. ಮೈಯ ಬಿಸಿ ಇತ್ತಲ್ಲ, ಅದ್ರಿಂದಲೇ ನಾನು ಉಳಿದಿದ್ದು. ಈಗ, ನೀವು ಕೂಗಿದಾಗ ಎದ್ದು ಹೋದ್ರು."

ಅವರಿಗೆ ಜ್ವರವಿತ್ತು, ಹಾಗೆಂದೇ ಸಮಾಧಾನ ಮಾಡಿಕೊಂಡೆ. ಆದರೆ ಅವರ ಪಕ್ಕದ ಹುಲ್ಲು ಒಬ್ಬರು ಕೂರುವಷ್ಟು ಅಗಲಕ್ಕೆ ಒತ್ತಿಹೋಗಿತ್ತು. ಬೆಟ್ಟದ ಮೇಲೆಲ್ಲ ಮಂಜಿಗೆ ತೊಪ್ಪೆಯಾಗಿದ್ದ ಹುಲ್ಲು ಅಲ್ಲಿ ಮಾತ್ರ ಒಣಗಿತ್ತು. ಅಂಗೈ ಇಟ್ಟು ನೋಡಿದೆ. ಬೆಚ್ಚಗಿತ್ತು. ವಸುಧಾಳೂ ಮುಟ್ಟಿ ನೋಡಿ ಕೈಯನ್ನು ಮಡಿಲಿಗೆ ಎಳೆದುಕೊಂಡಳು. ಮಂಜು ಇನ್ನಷ್ಟು ದಟ್ಟವಾಯಿತು. ನಾವಿಬ್ಬರೂ ಬಲಗಡೆಯಲ್ಲೇ ಒತ್ತಿಕೊಂಡು ಕೂತೆವು. ಎಡಗಡೆಯ ಜಾಗ ಖಾಲಿ ಬಿಟ್ಟೆವು. ಮಾತಾಡುವಾಗ ಗೌಡರು ಒಮ್ಮೊಮ್ಮೆ ಆ ಕಡೆಗೂ ತಿರುಗುತ್ತಿದ್ದರು.

ಮಧ್ಯಾಹ್ನದ ಹೊತ್ತಿಗೆ ಬಿದಿರು, ಕಂಬಳಿ ಹಿಡಿದು ಜನ ಬಂದರು. ಡೋಲಿ ಕಟ್ಟುವಾಗ ಶೇಷಪ್ಪನಿಗೆ ಆ ಹುಲ್ಲು ತೋರಿಸಿದೆ.

"ಕಡವೆ ಮಲಗಿದ್ದಿರ್ಬೇಕು," ಎಂದ.

"ಮನುಷ್ಯನ ಪಕ್ಕ ಮಲಗ್ತದಾ ಕಡವೆ?" ವಸುಧಾ ಕೇಳಿದಳು. ಅವನು ಹಗ್ಗದ ಗಂಟು ಬಿಗಿದ. ಅವಳ ಕೊರಳಲ್ಲಿ ಕ್ಯಾಮೆರಾ ಇತ್ತು. ಆ ಜಾಗದ ಚಿತ್ರ ತೆಗೆಯಲಿಲ್ಲ, ನಾನೂ ತೆಗೆ ಎನ್ನಲಿಲ್ಲ.

ಇನ್ನೆರಡು ದಿನ ಇರಬೇಕೆಂದು ಬಂದವರು ಮರುದಿನವೇ ಹೊರಟೆವು. ಬಸ್ಸಿಗೆ ಮುಂಚೆ ಕಳಸದ ಆಸ್ಪತ್ರೆಗೆ ಹೋದೆವು. ಗೌಡರನ್ನು ಚಿಕ್ಕಮಗಳೂರಿಗೆ ಸಾಗಿಸುವ ತಯಾರಿ ನಡೆದಿತ್ತು. ಬಣಕಲ್‌ನಿಂದ ಬಂದ ಮಗಳು ನಮ್ಮ ಕೈ ಹಿಡಿದು ಅತ್ತಳು. "ರಾತ್ರಿಯಿಡೀ ಕಣ್ಣು ಮುಚ್ಚಿಲ್ಲ. ಒಂದೇ ಮಾತು ಕೇಳ್ತಾರೆ."

ಗೌಡರ ಜ್ವರ ಇಳಿದಿತ್ತು. ಗುರುತು ಹಿಡಿದರು. ವಸುಧಾಳನ್ನು ಹತ್ತಿರ ಕರೆದು ಕೇಳಿದರು. "ಮೇಡಂ, ಅವ್ರನ್ನ ಅಲ್ಲೇ ಬಿಟ್ಟು ಬಂದ್ರಾ?"

ಮಗಳು ನಮ್ಮ ಕಡೆ ನೋಡಿದಳು. ಸುಳ್ಳು ಹೇಳಿ ಗೊತ್ತಿಲ್ಲದ ನನ್ನ ಹೆಂಡತಿ ಮಂಚದ ಅಂಚಿನಲ್ಲಿ ಕೂತು ಅವರ ಹೊದಿಕೆ ಸರಿಮಾಡಿದಳು.

"ಇಲ್ಲ ಗೌಡ್ರೇ. ಅವರೂ ಬಂದಿದ್ದಾರೆ. ಹೊರಗೆ ಬೆಂಚಿನ ಮೇಲೆ ಕೂತಿದ್ದಾರೆ. ನೀವು ಮಲಗಿ."

ಅವರು ನಿಟ್ಟುಸಿರು ಬಿಟ್ಟು ಕಣ್ಣು ಮುಚ್ಚಿದರು. ನಾವು ಅಲ್ಲಿರುವಾಗಲೇ ನಿದ್ದೆ ಹತ್ತಿತು.

ಹೊರಗೆ ಬಂದೆವು. ಬಸ್ಸಿಗೆ ಇನ್ನೂ ಹೊತ್ತಿತ್ತು, ಕಾಲುಗಳು ಸೋತಿದ್ದವು. ಬಾಗಿಲ ಪಕ್ಕದ ಬೆಂಚು ಖಾಲಿಯಿತ್ತು. ನಾನು ವಸುಧಾಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಬಸ್ಸು ಬರುವವರೆಗೂ ಇಬ್ಬರೂ ನಿಂತೇ ಇದ್ದೆವು.