ದಾಸವಾಳದ ಗಿಡಕ್ಕೆ ಕಟ್ಟಿದ ಟಾರ್ಪಾಲು

ಹೊಗೆಸೊಪ್ಪು ಬೆಳೆದ ಮನೆಯವಳಿಗೆ ಒಂದು ಚಾಳಿ ಅಂಟಿರುತ್ತೆ. ಮೋಡ ಕಪ್ಪಾಯಿತೋ ಇಲ್ಲವೋ, ಕೈ ತಾನೇ ಟಾರ್ಪಾಲಿಗೆ ಹೋಗುತ್ತೆ. ಸಸಿ ಮಡಿಗೆ ಹೊದಿಸು, ಸೌದೆಗೆ ಹೊದಿಸು, ಬೇಯಿಸಿ ಒಟ್ಟಿದ ಸೊಪ್ಪಿಗೆ ಹೊದಿಸು. ಮದುವೆಯಾಗಿ ಬಂದಾಗಿನಿಂದ ಅದೇ ಆಯ್ತು. ನಮ್ಮನೆಯವರು ತೀರಿಕೊಂಡ ಮೇಲೆ ಹೊಲ ಗುತ್ತಿಗೆಗೆ ಕೊಟ್ಟೆ. ಮಕ್ಕಳಿಲ್ಲ. ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗೋ ರಸ್ತೆ ಪಕ್ಕದ ಊರಲ್ಲಿ ಎರಡು ಕೋಣೆ ಮನೆ, ನಾನೊಬ್ಬಳೇ.

ಆ ವರ್ಷ ಯುಗಾದಿ ಕಳೆದ ಮೇಲೆ ಜಗಲಿ ಪಕ್ಕದ ದಾಸವಾಳದ ಗಿಡದಲ್ಲಿ ಪಿಕಳಾರದ ಜೋಡಿ ಗೂಡು ಕಟ್ಟಿತು. ನನ್ನ ಕೈಗೆಟುಕೋ ಎತ್ತರದಲ್ಲಿ! ಅಷ್ಟು ದೊಡ್ಡ ಹೊಂಗೆ ಮರ ಬಿಟ್ಟು ಇಲ್ಯಾಕೆ ಬಂದ್ರೇ ಅಂತ ಬೈದೆ. ಬೈಯೋಕಾದರೂ ಯಾರೋ ಸಿಕ್ಕರಲ್ಲ ಅಂತ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಮೂರು ಮರಿ ಆದವು. ಕಣ್ಣು ಬಿಟ್ಟಿರಲಿಲ್ಲ, ಮೈಮೇಲೆ ಒಂದು ಪುಕ್ಕ ಇರಲಿಲ್ಲ. ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದು ಅವುಗಳ ಹತ್ತಿರ ಮಾತಾಡ್ತಿದ್ದೆ.

ಭರಣಿ ಮಳೆ ಶುರುವಾದ ದಿನ ಮಧ್ಯಾಹ್ನ ಗಾಳಿ ಎದ್ದಿತು. ಕಾಗೆಗಳು ಕರೆಂಟ್ ತಂತಿ ಮೇಲೆ ಗಾಳಿಗೇ ಮುಖ ಕೊಟ್ಟು ಕೂತವು. ಬೆನ್ನು ಕೊಟ್ಟರೆ ಪುಕ್ಕ ಎದ್ದು ಮೈಗೆ ನೀರಿಳಿಯುತ್ತಲ್ಲ. ಗೊರವಂಕಗಳು ಸೊಪ್ಪು ಶಾಖಕ್ಕೆ ಬೇಯಿಸೋ ಹಳೇ ಬ್ಯಾರನ್ ಮನೆ ಗೋಡೆಯ ತೂತುಗಳನ್ನ ಸೇರಿಕೊಂಡವು. ಅವಕ್ಕೆಲ್ಲ ಅವುಗಳ ಕೆಲಸ ಗೊತ್ತಿತ್ತು. ಗೊತ್ತಿಲ್ಲದವಳು ನಾನು. ಅಟ್ಟದಿಂದ ನೀಲಿ ಟಾರ್ಪಾಲು ಎಳೆದು ತಂದು, ಕಿಟಕಿ ಸರಳಿಗೂ ಬೇಲಿ ಗೂಟಕ್ಕೂ ಬಿಗಿದು, ಗೂಡಿನ ಮೇಲೆ ಚಪ್ಪರದ ಹಾಗೆ ಕಟ್ಟಿಬಿಟ್ಟೆ. ತಾಯಿ ಹಕ್ಕಿ ಬೆದರಿ ಹಾರಿತು. ಬರುತ್ತೆ ಬಿಡು ಅಂದುಕೊಂಡೆ.

ಬರಲಿಲ್ಲ. ಮಳೆ ಹೊಡೆಯಿತು, ಟಾರ್ಪಾಲು ಪಟಪಟ ಬಡಿದುಕೊಳ್ಳುತ್ತಿತ್ತು. ಹಕ್ಕಿ ಬೇಲಿ ಮೇಲೆ ಕೂತು ಕಿರುಚುತ್ತಿತ್ತು, ಹತ್ತಿರ ಬರೋದು, ಟಾರ್ಪಾಲು ಎದ್ದ ತಕ್ಷಣ ವಾಪಸ್ ಹಾರೋದು. ಅರ್ಧ ಗಂಟೆ ಹೀಗೇ ಆಯ್ತು. ಎರಚಲು ಒಳಗೂ ನುಗ್ಗುತ್ತಿತ್ತು. ಬೆರಳಿಂದ ಮರಿ ಮುಟ್ಟಿದೆ. ತಣ್ಣಗಿತ್ತು.

ಅಷ್ಟೊತ್ತಿಗೆ ಪಕ್ಕದ ಮನೆ ಅಜ್ಜಿ ಗೋಣಿಚೀಲ ತಲೆಗೆ ಹೊದ್ದು, ಮೇಕೆ ಹೊಡ್ಕೊಂಡು ಬಂತು.

"ಅದೇನವ್ವ ಅದು, ಯಾರ ಮದ್ವೆ ಚಪ್ಪರ?"

"ಮರಿ ನೆನೀತಾವೆ ಕಣಜ್ಜಿ. ಅವುಗಳ ಅವ್ವ ಬತ್ತಾನೇ ಇಲ್ಲ."

"ಅಯ್ಯೋ ನಿನ್ ಬುದ್ದಿಗಿಷ್ಟು! ಆ ಮರಿಗೋಳ ಟಾರ್ಪಾಲು ಅವ್ರವ್ವನೇ ಕಣವ್ವ. ಅದುನ್ನೇ ಓಡ್ಸಿದ್ದೀಯಲ್ಲ! ಕಿತ್ತಾಕು. ಕಿತ್ತಾಕಿ ಒಳೀಕೋಗು, ನೀನು ನಿಂತಿದ್ರೆ ಅದು ಬರಾಕಿಲ್ಲ."

ನೆಂದ ಗಂಟು ಬಿಚ್ಚಲು ಬರಲಿಲ್ಲ, ಕುಡುಗೋಲಲ್ಲಿ ಹಗ್ಗ ಕೊಯ್ದೆ. ಸುರಿಯೋ ಮಳೆಯಲ್ಲಿ ಹೊದಿಕೆ ತೆಗೆಯೋಕೆ ನನ್ನ ಕೈಗೆ ಮನಸ್ಸೇ ಇಲ್ಲ. ತೆಗೆದೆ. ಬರೀ ಮೈಯ ಮರಿಗಳ ಮೇಲೆ ನೀರು ನೇರ ಬಿತ್ತು. ಒಳಗೆ ಓಡಿ ಬಾಗಿಲು ಹಾಕಿ ಕಿಟಕಿ ಸಂದಿಯಲ್ಲಿ ಕಣ್ಣಿಟ್ಟೆ. ಬಾರೇ, ಬಾರೇ ನಮ್ಮವ್ವ ಅಂತ ಬೇಡಿಕೊಂಡೆ.

ಬಂತು. ಮರಿಗಳನ್ನ ಹೊಟ್ಟೆ ಕೆಳಗೆ ಸರಿಸಿಕೊಂಡು, ಎರಡೂ ರೆಕ್ಕೆ ಅಗಲಿಸಿ ಗೂಡಿನ ಬಾಯಿ ಪೂರ್ತಿ ಮುಚ್ಚಿತು. ಜುಟ್ಟು ತಲೆಗೆ ಅಂಟಿಸಿ, ಕೊಕ್ಕು ಆಕಾಶಕ್ಕೆ ಎತ್ತಿ ಕೂತಿತು. ನೀರು ಬೆನ್ನ ಮೇಲಿಂದ ಜಾರಿ ಬಾಲದ ತುದಿಯಿಂದ ಗೂಡಿನ ಹೊರಕ್ಕೆ ಬೀಳುತ್ತಿತ್ತು. ಅದೊಂದು ಚೂರೂ ಅಲ್ಲಾಡಲಿಲ್ಲ. ಮಳೆ ಸಣ್ಣಗಾದಾಗ ಗಂಡು ಹಕ್ಕಿ ಹುಳ ಕಚ್ಚಿ ತಂತು. ರೆಕ್ಕೆ ಕೆಳಗಿಂದ ಒಂದು ಬಾಯಿ ಎದ್ದಿತು, ಆಮೇಲೆ ಇನ್ನೊಂದು. ಮೂರನೇದು ಏಳಲಿಲ್ಲ. ಅದನ್ನ ಕೊಂದವಳು ನಾನು, ಮಳೆ ಅಲ್ಲ.

ತಲೆಯಿಂದ ಕಾಲ್ತನಕ ನೆಂದಿದ್ದೆ, ಜಡೆ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ನಮ್ಮನೆಯವರಿದ್ದಿದ್ದರೆ ಟವೆಲ್ ಎಸೆದು "ತಲೆ ಒರುಸ್ಕಳೇ, ಸೀತ ಆಯ್ತದೆ" ಅಂತ ಗದರೋರು. ಯಾರೋ ಹೇಳ್ತಾರೆ ಅನ್ನೋ ಹಾಗೆ ಸ್ವಲ್ಪ ಹೊತ್ತು ನಿಂತೇ ಇದ್ದೆ. ಆಮೇಲೆ ಒದ್ದೆ ತಲೆಯಲ್ಲೇ ಗೋಡೆಗೊರಗಿ ಕೂತು ಅತ್ತೆ.